ಕಾರುಗಳು ಕದ್ದು ಕುಡಿಯುವ ಗಾಳಿ

ಕೆಲವರ ಜಾತಕದಲ್ಲಿ ವಿದೇಶ ಪ್ರಯಾಣ ಬರೆದಿರುತ್ತದೆ, ನನ್ನದರಲ್ಲಿ ಸುಂಯ್ ಎನ್ನುವ ಕಾರುಗಳನ್ನು ಬರೆದಿದೆ. ಹೆಮ್ಮಾಡಿಯ ಹೆದ್ದಾರಿ ಬದಿಯಲ್ಲಿ ಗ್ಯಾರೇಜು ಇಟ್ಟು ಇಪ್ಪತ್ತು ವರ್ಷ ದಾಟಿತು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾವ ಕಾರು ಶಿಳ್ಳೆ ಹೊಡೆದರೂ ಅದರ ಮೂತಿ ಕೊನೆಗೆ ನನ್ನ ಅಂಗಳಕ್ಕೇ ತಿರುಗುತ್ತದೆ. ಎಂಜಿನ್ನು ತನ್ನ ಬಾಯಿಂದಲೇ ಗಾಳಿ ಎಳೆದುಕೊಂಡರೆ ಸದ್ದಿಲ್ಲ. ಎಲ್ಲೋ ಒಂದು ಪೈಪು ಬಿರಿದು, ಅಲ್ಲಿಂದ ಕದ್ದು ಕುಡಿಯಲು ಶುರುಮಾಡಿತೋ, ಸುಂಯ್. ಒಂದು ಮೊಳ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಇಟ್ಟುಕೊಂಡು, ಇನ್ನೊಂದನ್ನು ಎಂಜಿನ್ನಿನ ಮೇಲೆಲ್ಲ ಆಡಿಸಿ, ಆ ಕಳ್ಳಬಾಯಿ ಹಿಡಿಯುವುದೇ ನನ್ನ ವಿದ್ಯೆ.

ಈಗ ಎಲ್ಲ ಕಡೆ ಕಂಪ್ಯೂಟರ್ ಬಂದಿದೆ. ಈ ವಿದ್ಯೆಗೆ ಇನ್ನೆಷ್ಟು ದಿನ ಬೆಲೆಯೋ ಎಂಬ ಹೆದರಿಕೆ ನನಗೆ ಒಳಗೊಳಗೇ ಇದೆ. "ನಿಮ್ಮ ಕಿವಿಯೇ ಕಿವಿ" ಎಂದು ಗಿರಾಕಿಯ ಬಾಯಿಂದ ಒಂದು ಸಲ ಕೇಳಬೇಕು, ಅಷ್ಟೇ ಆಸೆ. ಆದರೆ ನನಗೆ ಸಿಗುವ ಗಿರಾಕಿಗಳೇ ಬೇರೆ ಥರ.

ಸುಂಯೋ, ಪುಸ್ಸೋ

ಬ್ರಹ್ಮಾವರದ ಕಡೆಯ ನಿವೃತ್ತ ಮಾಷ್ಟ್ರೊಬ್ಬರು ಫೋನು ಮಾಡಿದರು. "ಹ್ವಾಯ್, ನಮ್ಮ್ ಕಾರ್ ಹೀಂಗೆ ಮಾಡ್ತ್ ಕಾಣಿ" ಎಂದವರೇ ಅರ್ಧ ನಿಮಿಷ ಫೋನಿನಲ್ಲೇ ಸುಂಯ್ ಎಂದರು. ಹಿಂದಿನಿಂದ ಅವರ ಹೆಂಡತಿಯ ಧ್ವನಿ ಕೇಳಿತು: "ಸುಂಯ್ ಅಲ್ಲ ಮಾರಾಯ್ರೆ, ಪುಸ್. ಕೊಡಿ ಇಲ್ಲಿ." ಫೋನು ಕಸಿದುಕೊಂಡು ಅವರು ಪುಸ್ ಎಂದರು.

ಗ್ಯಾರೇಜಿಗೆ ಬಂದು ಇಳಿದ ಮೇಲೂ ಇದೇ ಕತೆ. ಇವರು ಸುಂಯ್, ಅವರು ಪುಸ್. ಪಕ್ಕದ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರು ಲೋಟ ಹಿಡಿದೇ ಹೊರಗೆ ಬಂದು ನಿಂತರು. "ಇಬ್ರೂ ಒಂದ್ ಗಳಿಗಿ ಸುಮ್ನೆ ಇರಿ, ಕಾರ್ ಎಂತ ಹೇಳ್ತ್ ಕೇಂಬ" ಎಂದೆ. ಕಾರು ಹೇಳಿದ್ದು ಕುಂಯ್. ಬ್ರೇಕಿಗೆ ಬಲ ಕೊಡುವ ಬೂಸ್ಟರಿಗೆ ಹೋಗುವ ಪೈಪು ಬುಡದಲ್ಲಿ ಬಿರಿದಿತ್ತು. ಹೊಸದು ಹಾಕಿದೆ, ಸದ್ದು ನಿಂತಿತು.

ವಾರ ಕಳೆದು ಆ ಅಮ್ಮನದೇ ಫೋನು. ಹೊಗಳಿಕೆ ಬಂತೆಂದು ನಾನು ನೆಟ್ಟಗೆ ಕೂತೆ. ಅವರು ಧ್ವನಿ ತಗ್ಗಿಸಿ, "ಮುಂಚೆ ಇವ್ರ್ ಗೇಟಿಗೆ ಬಪ್ಪತಿಗೆ ಸದ್ದ್ ಕೇಂತಿತ್ತ್, ನಾನ್ ಧಾರಾವಾಹಿ ಬಂದ್ ಮಾಡಿ ಅಡ್ಗಿಮನಿಗೆ ಹೋತಿದ್ದೆ. ಈಗ ಇವ್ರ್ ಬಂದದ್ದೇ ಗೊತ್ತಾತಿಲ್ಲೆ. ಅರ್ಧ ಸದ್ದಾರೂ ವಾಪಸ್ ಹಾಕಿ ಕೊಡುಕಾತ್ತಾ?" ಎಂದರು.

ದೋಣಿಯ ಲೆಕ್ಕ

ಬೈಂದೂರಿನ ಕಡೆಯ ಮೀನುಗಾರರೊಬ್ಬರಿಗೆ ಫೋನಿನಲ್ಲಿ, ಬಿರಿದ ಪೈಪಿನಿಂದ ಗಾಳಿ ಒಳಗೆ ಹೋಗಬಾರದು, ಕಾರು ತನ್ನಿ ಎಂದಿದ್ದೆ. ಎರಡು ದಿನ ಬಿಟ್ಟು ಅವರ ಕಾರು ಪಿಕಪ್ಪಿಗೆ ಹಗ್ಗ ಕಟ್ಟಿಸಿಕೊಂಡು ಬಂತು. ಎಂತ ಆಯ್ತ್ ಎಂದು ಕೇಳಿದೆ. "ಮುಂಚೆ ಸುಂಯ್ ಅಂತಿತ್ತ್. ಅದನ್ನ್ ನಾನೇ ನಿಲ್ಸಿದೆ. ಈಗ ಕಾರೇ ಸ್ಟಾರ್ಟ್ ಆತಿಲ್ಲೆ" ಎಂದರು.

ಬಾನೆಟ್ ಎತ್ತಿದೆ. ನೀರು ಒಳಗೆ ಬಾರದ ಹಾಗೆ ದೋಣಿಯ ಹಲಗೆ ಸಂದಿಗೆ ಹತ್ತಿ ತುರುಕಿ ಮೇಲೆ ಅಂಟು ಬಳಿಯುವುದುಂಟಲ್ಲ, ಆ ಕೆಲಸವನ್ನು ಇಡೀ ಎಂಜಿನ್ನಿಗೆ ಮಾಡಿಟ್ಟಿದ್ದರು. ಒಂದೊಂದು ಜಾಯಿಂಟಿಗೂ ಹತ್ತಿ, ಅಂಟು, ಅದರ ಮೇಲೆ ಬಲೆಯ ನೂಲು ಸುತ್ತಿ ಗಂಟು. ಕೆಲಸದ ಅಂದ ಕಂಡು ನನಗೇ ಹೊಟ್ಟೆಕಿಚ್ಚಾಯಿತು. ಬಿರಿದ ಪೈಪನ್ನು ಸರಿಯಾಗಿಯೇ ಮುಚ್ಚಿದ್ದರು. ಆದರೆ ಅದೇ ಉಮೇದಿನಲ್ಲಿ ಏರ್ ಫಿಲ್ಟರಿನ ಬಾಯಿಯನ್ನೂ, ಅಂದರೆ ಎಂಜಿನ್ನು ಉಸಿರಾಡುವ ಮೂಗನ್ನೇ, ಗಟ್ಟಿಯಾಗಿ ಮುಚ್ಚಿಬಿಟ್ಟಿದ್ದರು.

"ಇದೊಂದ್ ಬಾಯಿ ಬಿಡುಕಿತ್ತ್ ಮಾರಾಯ್ರೆ, ಗಾಳಿ ಹೋಪುಕೆ" ಎಂದೆ.

"ಗಾಳಿ ಒಳ್ಗ್ ಹೋಪುಕಾಗ ಅಂತ್ ನೀವೇ ಅಲ್ದಾ ಫೋನಲ್ಲ್ ಹೇಳದ್ದ್?"

"ಅದ್ ಆ ಬಿರ್ಕಿನಲ್ಲ್. ಇಲ್ಲಿ ಹೋಯ್ಕ್."

ಅವರು ಎಂಜಿನ್ನನ್ನೂ ನನ್ನನ್ನೂ ಒಂದೇ ಥರ ನೋಡಿದರು. "ಒಂದ್ ತೂತ್ ಮುಚ್ಚುಕ್, ಇನ್ನೊಂದ್ ತೂತ್ ಬಿಡುಕ್. ಸಮುದ್ರದಲ್ಲ್ ಓಡು ದೋಣಿಗೂ ಇಷ್ಟ್ ನಖರಾ ಇಲ್ಲೆ."

ಹೊಗೆ

ಇನ್ನೊಂದು ಸಲ ಅಮಾಸೆಬೈಲಿನ ಕಡೆಯಿಂದ ತಾಯಿ, ಮಗ ಬಂದರು. ಸೆಕೆಂಡ್ ಹ್ಯಾಂಡ್ ಕಾರು, ಕೊಂಡು ತಿಂಗಳಾಗಿರಲಿಲ್ಲ. ಕುಂದಾಪುರದ ಗ್ಯಾರೇಜೊಂದರಲ್ಲಿ ಕಂಪ್ಯೂಟರ್ ಚುಚ್ಚಿ ನೋಡಿದ್ದರಂತೆ. ಗಾಳಿ ಲೀಕ್ ಎಂದು ಅದು ತೋರಿಸಿತೇ ಹೊರತು ಎಲ್ಲಿ ಎಂದು ಹೇಳಲಿಲ್ಲ. ಎರಡು ಪೈಪು ಬದಲಿಸಿದರೂ ಸುಂಯ್ ನಿಂತಿರಲಿಲ್ಲ. ಕಂಪ್ಯೂಟರಿಗೆ ಸಿಗದ್ದು ನನ್ನ ಕಿವಿಗೆ ಸಿಕ್ಕಿದರೆ ಊರೆಲ್ಲ ಮಾತಾಗುತ್ತದೆ ಎಂದು ನನಗೆ ಖುಷಿಯೋ ಖುಷಿ.

ಆದರೆ ಎಲ್ಲಿ ಪೈಪು ಹಿಡಿದರೂ ಸದ್ದು ಒಂದೇ ಥರ. ಅರ್ಧ ಗಂಟೆ ಬೆವರಿಳಿಸಿದೆ. ಇಂಥ ಹೊತ್ತಿಗೆ ನನ್ನಲ್ಲೊಂದು ಉಪಾಯ ಉಂಟು. ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲವೆಂದು ನೋಡಿಕೊಂಡು, ಒಂದು ಊದುಬತ್ತಿ ಹಚ್ಚಿ, ಹೊಗೆಯನ್ನು ಒಂದೊಂದೇ ಜಾಯಿಂಟಿನ ಹತ್ತಿರ ಹಿಡಿಯುವುದು. ಎಂಜಿನ್ನು ಎಲ್ಲಿ ಗಾಳಿ ಕದಿಯುತ್ತದೋ ಅಲ್ಲಿ ಹೊಗೆಯೂ ಒಳಗೆ ಹೋಗುತ್ತದೆ.

ನಾನು ಊದುಬತ್ತಿ ಹಚ್ಚಿದ್ದೇ ತಡ, ಬೆಂಚಿನಲ್ಲಿದ್ದ ತಾಯಿ ಎದ್ದು ನಿಂತರು. ಚಪ್ಪಲಿ ಕಳಚಿದರು. ಮಗನಿಗೂ "ಮೆಟ್ಟ್ ತೆಗಿಯೋ" ಎಂದರು. ಸೆರಗು ಹೊದ್ದು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಗೋತ್ರ ಯಾರದ್ ಹೇಳುಕ್? ನಮ್ದಾ, ಕಾರಿನ್ದಾ?"

ಹೊಗೆ ಅಲ್ಲಾಡಬಾರದೆಂದು ನಾನು ಉಸಿರು ಬಿಗಿಹಿಡಿದು ಬಗ್ಗಿದ್ದೆ, ಉತ್ತರ ಕೊಡುವ ಹಾಗಿರಲಿಲ್ಲ. ಅವರು ಅದನ್ನು ಮೌನವ್ರತ ಎಂದುಕೊಂಡು ಮಗನ ಕಡೆ ತಿರುಗಿದರು. "ಹಳೇ ಯಜಮಾನ್ರ್ ಯಾರಂದೇ ಗೊತ್ತಿಲ್ಲೆ. ಗೋತ್ರ ಕೇಣದೆ ಕಾರ್ ತಕಂಡದ್ದೇ ತಪ್ಪಾಯ್ತ್."

ಎಂಜಿನ್ನಿನ ಹಿಂಬದಿ, ಕೈ ಹೋಗದ ಮೂಲೆಯ ಜಾಯಿಂಟಿನ ಹತ್ತಿರ ಬತ್ತಿ ತಂದೆ. ನೆಟ್ಟಗೆ ಏರುತ್ತಿದ್ದ ಹೊಗೆ ಥಟ್ಟನೆ ಬಗ್ಗಿ ಒಳಗೆ ಮಾಯವಾಯಿತು.

"ಸಿಕ್ತ್" ಎಂದೆ ನಾನು.

"ಹೊಗಿ ತಕಂತ್" ಎಂದು ಅವರು ಕೈ ಮುಗಿದರು.

ಅಲ್ಲಿ ಸಂದಿ ಮುಚ್ಚುವ ಗ್ಯಾಸ್ಕೆಟ್ ಹರಿದಿತ್ತು. ಬದಲಿಸಿದೆ, ಸದ್ದು ನಿಂತಿತು. ಕಿವಿಯನ್ನಲ್ಲದಿದ್ದರೂ ತಲೆಯನ್ನಾದರೂ ಹೊಗಳುತ್ತಾರೆಂದು ಕಾದೆ. ಅವರು ಊದುಬತ್ತಿಯ ಬೂದಿಯನ್ನು ಕಾಗದದಲ್ಲಿ ಕಟ್ಟಿಕೊಂಡು, "ಪೂಜಿ ಲಾಯ್ಕ್ ಆಯ್ತ್" ಎಂದು ಹೇಳಿ ಹೊರಟರು.

ಸುದ್ದಿ ಹಬ್ಬಿತು. ಒಬ್ಬರು ಶೋರೂಮಿನಿಂದ ಆಗಷ್ಟೇ ಇಳಿಸಿದ, ಉಸಿರು ಬಿಟ್ಟರೂ ಕೇಳದ ಕಾರು ತಂದು, "ಒಂದ್ ಹೊಗಿ ಹಿಡ್ದ್ ಬಿಡಿ, ಮುಂದೆ ಸದ್ದ್ ಬಪ್ಪುಕಾಗ" ಎಂದರು. ಎಂಜಿನ್ನು ಗಾಳಿ ಎಳೆಯುವ ಬಗೆ, ಹೊಗೆ ಬಗ್ಗುವ ಕಾರಣ, ಎಲ್ಲ ಬಿಡಿಸಿ ಹೇಳಿದೆ. ಪೂರಾ ಕೇಳಿಸಿಕೊಂಡು, "ಅದೆಲ್ಲ ಸಮ, ಈಗ ಹಚ್ಚಿ" ಎಂದರು. ನಿಜ ಹೇಳುತ್ತೇನೆ, ನನಗೆ ಬೇಜಾರೇ ಆಯಿತು. ಇಪ್ಪತ್ತು ವರ್ಷದ ಕಿವಿಗೆ ಸಿಗದ ಮರ್ಯಾದೆ ಒಂದು ಊದುಬತ್ತಿಗೆ ಸಿಕ್ಕಿತ್ತು.

ನಾಲ್ಕು ದಿನ ಬಿಟ್ಟು ಕುಂದಾಪುರದ ಆ ಕಂಪ್ಯೂಟರ್ ಗ್ಯಾರೇಜಿನ ಯಜಮಾನರೇ ಬಂದರು. ಆಚೆ ಈಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಿರ ಸರಿದರು. "ಹ್ವಾಯ್, ನಮ್ಮಲ್ಲ್ ಒಂದ್ ಕಾರ್ ಸುಂಯ್ ಅಂತಿತ್ತ್. ಎರಡ್ ದಿನ ಆಯ್ತ್, ಮಿಶಿನಿಗೆ ಸಿಕ್ತಿಲ್ಲೆ. ನೀವ್ ಹಚ್ಚುದ್ ಯಾವ ಊದ್ಬತ್ತಿ?"

ಇದ್ದದ್ದನ್ನು ಇದ್ದ ಹಾಗೆ ಹೇಳಬಹುದಿತ್ತು. ಮನಸ್ಸಾಗಲಿಲ್ಲ.

"ಬತ್ತಿ ಯಾವ್ದಾರೂ ಅಡ್ಡಿಲ್ಲ" ಎಂದೆ. "ಆರೆ ಬೆಳಿಗ್ಗೆ ಮಿಂದ್ಕಂಡ್, ಒದ್ದಿ ಪಂಚೆ ಉಟ್ಕಂಡ್ ಹಚ್ಚುಕ್."

ಅವರು ತಲೆಯಾಡಿಸಿ ಹೋದರು. ಮರುದಿನ ಬೆಳಿಗ್ಗೆ ಸಾಮಾನು ತರುವ ನೆವ ಮಾಡಿಕೊಂಡು ಕುಂದಾಪುರಕ್ಕೆ ಹೋದೆ. ಅವರ ಗ್ಯಾರೇಜಿನ ಮುಂದೆ ಹಾಯುವಾಗ ಬೈಕು ನಿಧಾನ ಮಾಡಿದೆ. ಎತ್ತಿದ ಬಾನೆಟ್ಟಿನ ಮುಂದೆ ಯಜಮಾನರು ಒದ್ದೆ ಪಂಚೆಯಲ್ಲಿ ಊದುಬತ್ತಿ ಹಿಡಿದು ನಿಂತಿದ್ದರು. ಪಕ್ಕದ ಸ್ಟೂಲಿನ ಮೇಲೆ ಕಂಪ್ಯೂಟರ್ ಇತ್ತು, ಅದಕ್ಕೂ ಒಂದು ಕುಂಕುಮದ ಬೊಟ್ಟು ಇಟ್ಟಿದ್ದರು.