ನಮ್ಮ ರೊಟ್ಟಿಯ ಸದ್ದಿಗೆ ಬೊಗಳಿದ ಕೆಳಮನೆಯ ಜಿಮ್ಮಿಯವರಿಗೆ

ಇವರಿಗೆ,
ಶ್ರೀಯುತ ಜಿಮ್ಮಿಯವರು,
ಗಂಗಲಕ್ಷ್ಮಮ್ಮನವರ ಮನೆ, ನೆಲಮಹಡಿ,
ಮುಂಬಾಗಿಲ ಕಾಲೊರಸು ಚಾಪೆ,
ಹಲಸೂರು, ಬೆಂಗಳೂರು.

ಆಗಸ್ಟ್ ತಿಂಗಳ ಒಂದು ಭಾನುವಾರ, ೧೯೯೮

ಮಾನ್ಯರೇ,

ತಮ್ಮ ಬಿಳಿಯ ರೋಮರಾಶಿಗೆ, ಒಂದು ಗಳಿಗೆಯೂ ಸುಮ್ಮನಿರದ ಬಾಲಕ್ಕೆ, ಮತ್ತು ಕಳೆದ ಮೂರು ತಿಂಗಳಿಂದ ನನ್ನ ಪ್ಯಾಂಟಿನ ಬಲಗಾಲಿನ ಅಂಚಿನ ಮೇಲೆ ವಿಶೇಷ ಅಭಿಮಾನವಿಟ್ಟಿರುವ ತಮ್ಮ ಹಲ್ಲುಗಳಿಗೆ, ಮೇಲಿನ ರೂಮಿನ ಬಾಡಿಗೆದಾರನಾದ ಭಗವಂತರಾಯನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವನ್ನು ಕಾಗದದಲ್ಲೇ ಮುಗಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಎದುರಿಗೇ ಬಂದು ಅಡ್ಡಬಿದ್ದರೆ ನನ್ನ ಮೂಗು ತಮಗೆ ತೀರಾ ಅನುಕೂಲದ ಎತ್ತರಕ್ಕೆ ಬರುತ್ತದೆ. ನಮ್ಮ ಮಾವನವರು ಸೇಡಂನಿಂದ ಬರೆದ ಕಾಗದವನ್ನು ತಾವು ನಮಗಿಂತ ಮೊದಲೇ ಬಿಡಿಸಿ, ಪರಿಶೀಲಿಸಿ, ಅರ್ಧ ನುಂಗಿದ ದಿನದಿಂದ ತಮ್ಮೊಡನೆ ಲಕೋಟೆಯ ವ್ಯವಹಾರ ಸಾಕೆನಿಸಿದೆಯಾದ್ದರಿಂದ, ಈ ಪತ್ರವನ್ನು ಬಹಿರಂಗವಾಗಿ ಮೆಟ್ಟಿಲ ಪಕ್ಕದ ಗೋಡೆಗೆ, ತಾವು ಎಷ್ಟು ನೆಗೆದರೂ ಸಿಗದ ಎತ್ತರದಲ್ಲಿ ಅಂಟಿಸುತ್ತಿದ್ದೇನೆ.

ನನ್ನ ಪರಿಚಯ ತಮಗೆ ವಾಸನೆಯಿಂದ ಇದೆಯೇ ಹೊರತು ಬೇರೆ ರೀತಿಯಲ್ಲಿ ಇಲ್ಲ. ನಾನು ಸೇಡಂ ಕಡೆಯವನು. ತೊಗರಿಬೇಳೆ ಮಾರುವ ಕಂಪನಿಯೊಂದರಲ್ಲಿ ಬೇಳೆಯನ್ನು ಅಂಗೈಯಲ್ಲಿ ಉಜ್ಜಿ ನೋಡಿ ಇದು ಇಂಥ ದರ್ಜೆಯದು ಎಂದು ಹೇಳುವುದು ನನ್ನ ಕೆಲಸ. ಕಂಪನಿಯವರು ಕೆ.ಆರ್. ಪುರದಲ್ಲಿ ಗೋದಾಮು ತೆರೆದು ಕಳೆದ ಮೇ ತಿಂಗಳಲ್ಲಿ ನನ್ನನ್ನು ಇಲ್ಲಿಗೆ ವರ್ಗ ಮಾಡಿದರು. ಬೆಂಗಳೂರು ತುಟ್ಟಿಯ ಊರು, ಸಂಬಳಕ್ಕೆ ಏನಾದರೂ ಕೂಡಿಸಿ ಕೊಡಿ ಎಂದು ಬೇಡಿಕೊಂಡಾಗ ನಮ್ಮ ಮ್ಯಾನೇಜರ್ ಮುತ್ತಣ್ಣನವರು, ಅಲ್ಲಿನ ತಂಪು ಹವೆಗೆ ಜನ ರೊಕ್ಕ ಕೊಟ್ಟು ಹೋಗುತ್ತಾರೆ, ನಿಮಗದು ಪುಕ್ಕಟೆ ಸಿಗುತ್ತಿದೆ, ಅದನ್ನೇ ಭತ್ಯೆ ಎಂದು ತಿಳಿಯಿರಿ ಎಂದು ಅಪ್ಪಣೆ ಕೊಡಿಸಿದರು. ಆ ಭತ್ಯೆಯನ್ನು ನಾನೂ ನನ್ನ ಹೆಂಡತಿ ಮಾನಮ್ಮಳೂ ಮೂರು ತಿಂಗಳಿಂದ ಗಡಗಡ ನಡುಗುತ್ತ ಪಡೆಯುತ್ತಿದ್ದೇವೆ.

ಬಂದ ದಿನವೇ ನಮ್ಮಿಂದಾದ ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ನಮ್ಮ ಕಡೆ ಮೇ ತಿಂಗಳಲ್ಲಿ ಮನೆಯೊಳಗೆ ಮಲಗುವ ಮನುಷ್ಯನೇ ಇಲ್ಲ. ಹೊತ್ತು ಮುಳುಗುತ್ತಲೇ ಮಾಳಿಗೆಗೆ ನೀರು ಹೊಡೆದು, ಹಾಸಿಗೆ ಬಿಚ್ಚಿ, ಓಣಿಯ ಜನವೆಲ್ಲ ಈ ಮಾಳಿಗೆಯಿಂದ ಆ ಮಾಳಿಗೆಗೆ ಮಾತಾಡುತ್ತ ನಿದ್ದೆ ಹೋಗುತ್ತಾರೆ. ಮೇ ಎಂದರೆ ಎಲ್ಲೆಡೆಯೂ ಮೇ ಎಂದು ನಂಬಿದ ನಾವು, ತಮ್ಮ ಮನೆಯ ತಾರಸಿಗೆ ಎರಡು ಕೊಡ ನೀರು ಸುರಿದು, ತಂಪಾಗಲೆಂದು ಕಾದು, ಹಾಸಿಗೆ ಹಾಕಿಯೇಬಿಟ್ಟೆವು. ಅದು ಆದದ್ದು ಎಷ್ಟು ತಂಪೆಂದರೆ, ತಾವು ನಮ್ಮನ್ನು ಕಳ್ಳರೆಂದು ಭಾವಿಸಿ ಬೀದಿಯನ್ನೆಲ್ಲ ಎಬ್ಬಿಸದೆ ಹೋಗಿದ್ದರೆ ನಾವಿಬ್ಬರೂ ಅಲ್ಲಿಯೇ ಸೆಟೆದುಹೋಗುತ್ತಿದ್ದೆವು. ಮನೆಯೊಡತಿ ಗಂಗಲಕ್ಷ್ಮಮ್ಮನವರು ಟಾರ್ಚ್ ಹಿಡಿದು ಮೇಲೆ ಬಂದು, "ಒಳ್ಳೇ ರೂಮ್ ಕೊಟ್ಟಿದ್ದೀನಲ್ರೀ, ಇಲ್ಯಾಕ್ರೀ ಬಿದ್ಕೊಂಡಿದ್ದೀರಾ?" ಎಂದು ಕೇಳಿದಾಗ ನನ್ನ ಹಲ್ಲುಗಳೇ ಕಟಕಟನೆ ಉತ್ತರ ಹೇಳಿದವು. ಎಂಟು ದಿನ ಇಬ್ಬರೂ ಸೀನಿದೆವು, ಎಂಟು ದಿನವೂ ಪ್ರತಿ ಸೀನಿಗೆ ತಾವು ಒಂದೊಂದು ಬೊಗಳು ಲೆಕ್ಕ ತಪ್ಪದೆ ಸೇರಿಸಿದಿರಿ.

ಆಷಾಢದ ಗಾಳಿ ಬೀಸತೊಡಗಿದ ಮೇಲೆ ತಮ್ಮ ಘನತೆ ಇನ್ನೂ ಹೆಚ್ಚಿತು. ಹಲಸೂರಿನಲ್ಲಿ ವಾರಗಟ್ಟಲೆ ಬಿಸಿಲಿಲ್ಲ, ಒಗೆದು ಹಾಕಿದ ಬನಿಯನನ್ನು ಮೂರನೆಯ ದಿನವೂ ಹಿಂಡಿದರೆ ನೀರು ಬರುತ್ತದೆ, ಅಂಥ ಹೊತ್ತಿನಲ್ಲಿ ತಾವು ಗಂಗಲಕ್ಷ್ಮಮ್ಮನವರು ಸ್ವಹಸ್ತದಿಂದ ಹೆಣೆದ ಕೆಂಪು ಸ್ವೆಟರ್ ತೊಟ್ಟು, ನಾಲ್ಕೂ ಗುಂಡಿ ಹಾಕಿಸಿಕೊಂಡು, ಗೇಟಿನ ಬಳಿ ನಿಂತು ನಮ್ಮನ್ನು ನೋಡುತ್ತಿದ್ದಿರಿ. ನಾನು ಮದುವೆಯಲ್ಲಿ ಬಂದ ಶಾಲು ಹೊದ್ದು ಗೋದಾಮಿಗೆ ಹೋಗುವುದನ್ನು ಕಂಡು ಅಲ್ಲಿ ಮೂಟೆ ಹೊರುವ ಹಮಾಲರು ಎಲ್ಲಿ ಸನ್ಮಾನವಾಯಿತು ಎಂದು ಕೇಳುತ್ತಿದ್ದರು. ಶಿವಾಜಿನಗರದ ಬೀದಿಬದಿಯಲ್ಲಿ ಒಂದು ಸ್ವೆಟರ್ ಕೊಂಡೆ. ಅದರ ಒಂದು ತೋಳು ನನ್ನದು, ಇನ್ನೊಂದು ತೋಳು ನನ್ನ ತಮ್ಮನದು ಎಂಬಷ್ಟು ವ್ಯತ್ಯಾಸವಿದೆ. ಆದ್ದರಿಂದ ತಲೆಗೆ ನೀರೆರೆದುಕೊಳ್ಳುವ ಮಂಗಳವಾರ ಮತ್ತು ಶುಕ್ರವಾರಗಳಂದು ತಾವು ಒಳಗೆ ಹಾಸಿಗೆಯ ಮೇಲೇ ಇದ್ದು, ತಮ್ಮ ಸ್ವೆಟರನ್ನು ಮಾನಮ್ಮಳಿಗೆ ಕಿವಿ ಮುಚ್ಚಿಕೊಳ್ಳಲಾದರೂ ಎರವಲು ಕೊಡಬೇಕೆಂದು ಈ ಮೂಲಕ ಕೋರುತ್ತೇನೆ.

ತಮ್ಮ ವಿದ್ವತ್ತನ್ನೂ ಇಲ್ಲಿ ಹೊಗಳಬೇಕು. ಗಂಗಲಕ್ಷ್ಮಮ್ಮನವರು ತರಕಾರಿಯವನೊಡನೆ ತಮಿಳು, ನಮ್ಮೊಡನೆ ಕನ್ನಡ, ತಮ್ಮೊಡನೆ ಮಾತ್ರ ಇಂಗ್ಲಿಷ್ ಆಡುತ್ತಾರೆ. ಕಮ್ ಬೇಬಿ, ಸಿಟ್ ಬೇಬಿ ಎಂಬ ಆ ಮೃದುವಾದ ಮಾತುಗಳನ್ನು ಕೇಳುತ್ತ ಕೇಳುತ್ತ ನನಗೂ ಒಮ್ಮೆ ಕೂತುಬಿಡುವಷ್ಟು ಆಸೆಯಾಗಿದೆ. ನಮ್ಮ ಕನ್ನಡ ಅವರಿಗೆ ಅರ್ಧ ತಿಳಿಯುವುದಿಲ್ಲ, ಅವರ ಕನ್ನಡದಲ್ಲಿ ನಮಗೆ ಸಿಟ್ಟು ಮಾತ್ರ ತಿಳಿಯುತ್ತದೆ. ಇಡೀ ಹಲಸೂರಿನಲ್ಲಿ ನಮ್ಮ ಮಾತು ಪೂರ್ತಿ ತಿಳಿದವರೆಂದರೆ ಹಿಟ್ಟಿನ ಗಿರಣಿಯ ಕರೀಂ ಸಾಹೇಬರು ಒಬ್ಬರೇ, ಅದೂ ಮಾನಮ್ಮ ಸೇಡಂನಲ್ಲಿ ಕಲಿತ ಉರ್ದುವಿನಲ್ಲಿ ಮಾತಾಡಿಸಿದ್ದಕ್ಕೆ. ಅವರು ಮೊದಲ ಸಲ ರಾಗಿ ಬೀಸಿದ ಕಲ್ಲಿಗೇ ನಮ್ಮ ಜೋಳ ಸುರಿದು, ಬೂದಿ ಬಣ್ಣದ ಹಿಟ್ಟು ಕೊಟ್ಟರಾದರೂ, ಅವಳ ಮುಖ ನೋಡಿ ಮರುವಾರದಿಂದ ಕಲ್ಲು ಒರೆಸಿ ಮೊದಲು ಜೋಳವನ್ನೇ ಬೀಸಿಕೊಡುತ್ತಿದ್ದಾರೆ.

ಇನ್ನು ದೂರಿನ ವಿಷಯಕ್ಕೆ ಬರುತ್ತೇನೆ. ಜೋಳದ ರೊಟ್ಟಿಯನ್ನು ಲಟ್ಟಣಿಗೆಯಿಂದ ಲಟ್ಟಿಸುವುದಿಲ್ಲ ಎಂಬುದು ಬ್ರೆಡ್ಡು ಹಾಲು ಸೇವಿಸುವ ತಮ್ಮಂಥವರಿಗೆ ತಿಳಿದಿರಲಿಕ್ಕಿಲ್ಲ. ಕುದಿಯುವ ನೀರಿಗೆ ಹಿಟ್ಟು ಹಾಕಿ ನಾದಿ, ಕಲ್ಲಿನ ಮೇಲಿಟ್ಟು, ಅಂಗೈಯಿಂದ ತಟ್ಟಿ ಬಡಿದೇ ಅದನ್ನು ಚಂದ್ರನಷ್ಟು ಅಗಲ ಮಾಡಬೇಕು. ನಾನು ಏಳಕ್ಕೆ ಬಸ್ಸು ಹತ್ತಬೇಕಾದ್ದರಿಂದ ಮಾನಮ್ಮ ಐದೂವರೆಗೆ ಬಡಿಯಲು ಕೂರುತ್ತಿದ್ದಳು. ಅವಳ ಮೊದಲ ಪೆಟ್ಟಿಗೆ ತಾವು ಕೆಳಗಿನಿಂದ ದನಿ ಎತ್ತಿ, ಕಡೆಯ ರೊಟ್ಟಿ ಮುಗಿಯುವ ತನಕ ಒಂದೇ ಸಮ ಬೊಗಳಿ, ಮುಗಿದೊಡನೆ ಥಟ್ಟನೆ ಸುಮ್ಮನಾಗುತ್ತಿದ್ದಿರಿ. ಮುಗಿದೊಡನೆ ಸುಮ್ಮನಾಗುವುದು ತಮ್ಮ ದೊಡ್ಡ ಗುಣವೆಂದು ಆಗ ನಂಬಿದ್ದೆ.

ಹೋದ ವಾರದ ಶನಿವಾರ ಗಂಗಲಕ್ಷ್ಮಮ್ಮನವರು ಮೆಟ್ಟಿಲ ಕೆಳಗೆ ನಿಂತು ತೀರ್ಪು ಕೊಟ್ಟರು. "ಬೆಳಿಗ್ಗೆ ಬೆಳಿಗ್ಗೇನೇ ಏನ್ರೀ ಅದು ದಬದಬ ಅಂತ ಗಲಾಟೆ? ನಮ್ಮ ಜಿಮ್ಮಿ ಬೆಚ್ಚಿಬೀಳ್ತಾನೆ, ಬ್ರೆಡ್ಡೂ ಮುಟ್ತಿಲ್ಲ. ಒಂದೋ ಅದನ್ನ ನಿಲ್ಸಿ, ಇಲ್ಲಾ ತಿಂಗಳ ಕೊನೆಗೆ ಖಾಲಿ ಮಾಡ್ಬಿಡಿ." ನಾನು ಬೇಡಿಕೊಂಡೆ, ಕಲ್ಲಿನ ಕೆಳಗೆ ಗೋಣಿಚೀಲ ಹಾಕುತ್ತೇವೆ, ಕಂಬಳಿ ಹಾಕುತ್ತೇವೆ, ಬೇಕಿದ್ದರೆ ನನ್ನ ತೊಡೆಯನ್ನೇ ಹಾಕುತ್ತೇನೆ ಎಂದೆ. ಬೇಳೆ ಕಂಪನಿಯವನಾದರೂ ನನ್ನ ಬೇಳೆ ಬೇಯಲಿಲ್ಲ. ಬೇರೆ ಮನೆಗಾಗಿ ಮರುದಿನ ಭಾನುವಾರ ಕಮ್ಮನಹಳ್ಳಿಯಿಂದ ಹೊರಮಾವಿನ ತನಕ ಅಲೆದೆ. ಎಲ್ಲಿ ರೂಮು ಒಗ್ಗಿತೋ ಅಲ್ಲಿ ಅಡ್ವಾನ್ಸು ಒಗ್ಗಲಿಲ್ಲ, ಎಲ್ಲಿ ಎರಡೂ ಒಗ್ಗಿದವೋ ಅಲ್ಲಿ ಕೆಳಗಡೆ ತಮ್ಮ ಜಾತಿಯವರೇ ಇಬ್ಬರು ಸ್ವೆಟರ್ ಹಾಕಿಕೊಂಡು ಕೂತಿದ್ದರು.

ಮಾನಮ್ಮ ಆ ಭಾನುವಾರವೇ ರೊಟ್ಟಿಕಲ್ಲು ತೊಳೆದು ಗೋಡೆಗೆ ಒರಗಿಸಿದಳು. ಸೋಮವಾರ ಅನ್ನ, ಮಂಗಳವಾರ ಸದ್ದಿಲ್ಲದ ಚಪಾತಿ. ಮಂಗಳವಾರ ಸಂಜೆ ನಾನು ಬಂದಾಗ ಟ್ರಂಕು ತುಂಬಿ ಕೂತಿದ್ದಳು. "ಚಳಿ ತಡಕೋತೀನ್ರಿ, ತುಟ್ಟಿನೂ ತಡಕೋತೀನಿ. ನಮ್ಮವ್ವನ ಕೈಯಾಗ ಕಲ್ತದ್ದಕ್ಕ ಗಲಾಟಿ ಅಂತಾರಲ್ಲ, ಅದು ನಂಗ ತಡಕೊಳ್ಳಾಕ ಆಗಂಗಿಲ್ಲ. ನಾಳಿ ಸಂಜಿ ರೈಲಿಗೆ ಹತ್ತಿಸಿಬಿಡ್ರಿ" ಎಂದಳು. ಮದುವೆಯಾಗಿ ಎರಡು ವರ್ಷ, ಒಂದು ದಿನವೂ ಒಬ್ಬರನ್ನೊಬ್ಬರು ಬಿಟ್ಟಿದ್ದವರಲ್ಲ. ಕೆಲಸ ಬಿಟ್ಟು ನಾನೂ ಹೊರಟರೆ ಸೇಡಂನಲ್ಲಿ ನನ್ನ ಜಾಗಕ್ಕೆ ಬೇರೆಯವನು ಬಂದು ಕೂತಾಗಿದೆ. ನಾನು ಬೇಡಿಕೊಂಡ ಬಗೆಯನ್ನು ಬರೆದರೆ ತಮ್ಮ ಮುಂದೆ ನನಗೆ ಉಳಿದಿರುವ ಅಲ್ಪಸ್ವಲ್ಪ ಮರ್ಯಾದೆಯೂ ಹೋಗುತ್ತದೆ.

ನಮ್ಮ ಓಣಿಯಲ್ಲಿ ಒಂದು ಮನೆಯಿಂದ ಬೆಳಿಗ್ಗೆ ರೊಟ್ಟಿಯ ಸದ್ದು ಬರಲಿಲ್ಲವೆಂದರೆ ಪಕ್ಕದ ಮನೆಯವರು ಬಂದು ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸುತ್ತಾರೆ. ಬುಧವಾರ ಮಧ್ಯಾಹ್ನ ಗಂಗಲಕ್ಷ್ಮಮ್ಮನವರು ಮೆಟ್ಟಿಲು ಹತ್ತಿ ನಮ್ಮ ಬಾಗಿಲಿಗೆ ಬಂದಾಗ, ಮಾನಮ್ಮಳನ್ನು ಕಳಿಸಲೆಂದು ರಜೆ ಹಾಕಿ ಕೂತಿದ್ದ ನನಗೆ, ಅವರೂ ಹಾಗೆಯೇ ಕೇಳಲು ಬಂದರೇನೋ ಎನ್ನಿಸಿ ಕಣ್ಣು ತುಂಬಿತು. ಅವರ ಕಣ್ಣೂ ತುಂಬಿತ್ತು, ಆದರೆ ತಮಗಾಗಿ. ತಾವು ಅವರ ತೋಳಿನಲ್ಲಿ ಒಗೆದ ಬಟ್ಟೆಯ ಹಾಗೆ ಜೋತುಬಿದ್ದಿದ್ದಿರಿ. "ಮೂರು ದಿನದಿಂದ ಬಾಯಿಗೆ ಏನೂ ಮುಟ್ಟಿಸಿಲ್ಲ ಕಣಮ್ಮ. ಡಾಕ್ಟ್ರು ಏನೂ ಕಾಯಿಲೆ ಇಲ್ಲ ಅಂತಾರೆ. ನಿಮ್ಮ ಮೆಟ್ಟಿಲ ಮೇಲೇ ಬಂದ್ಬಂದು ಕೂತ್ಕೋತಾನೆ. ಏನ್ ಹಾಕ್ಬಿಟ್ಟೆ ತಾಯಿ ಇವನಿಗೆ?" ಎಂದರು.

ಮಾನಮ್ಮ ಎದ್ದು, ದಾರಿಗೆಂದು ಬಟ್ಟೆಯಲ್ಲಿ ಕಟ್ಟಿದ್ದ ಹಿಂದಿನ ವಾರದ ಖಡಕ್ ರೊಟ್ಟಿಯೊಂದನ್ನು ತೆಗೆದು, ಮುರಿದು, ತಮ್ಮ ಮುಂದಿಟ್ಟಳು. ಮಾನ್ಯರೇ, ಆ ಮೇಲೆ ತಾವು ತೋರಿದ ವೇಗವನ್ನು ನಾನು ನಮ್ಮ ಹಮಾಲರಲ್ಲೂ ಕಂಡಿಲ್ಲ. ಆಗ ಗೊತ್ತಾಯಿತು ನನಗೂ. ನಮ್ಮ ಕಡೆ ಹೆಂಗಸರು ಕಡೆಯ ರೊಟ್ಟಿಯನ್ನು ನಾಯಿಗೆಂದೇ ಬಡಿಯುತ್ತಾರೆ, ಯಾರ ಮನೆಯ ನಾಯಿ ಎಂದು ಕೇಳುವುದಿಲ್ಲ. ಮಾನಮ್ಮ ಬಂದ ಮರುದಿನದಿಂದಲೇ ಅದನ್ನು ಮೆಟ್ಟಿಲ ಮೇಲೆ ಇಟ್ಟು ಬರುತ್ತಿದ್ದಳು. ತಾವು ಬೆಚ್ಚಿಬಿದ್ದಿರಲಿಲ್ಲ, ಬೇಗ ಬಡಿ ಎಂದು ಅವಸರಿಸುತ್ತಿದ್ದಿರಿ. ಸುಮ್ಮನಾಗುತ್ತಿದ್ದದ್ದು ಬಾಯಿ ತುಂಬಿದ್ದರಿಂದ, ಬ್ರೆಡ್ಡು ಬಿಟ್ಟದ್ದು ಹೊಟ್ಟೆ ತುಂಬಿದ್ದರಿಂದ. ನಮ್ಮ ರೊಟ್ಟಿ ತಿಂದು ನಮ್ಮ ಮೇಲೆಯೇ ಸಾಕ್ಷಿ ಹೇಳಿದ ತಮ್ಮ ಈ ನಿಷ್ಠೆಯನ್ನು ಏನೆಂದು ಕೊಂಡಾಡಲಿ!

ಗಂಗಲಕ್ಷ್ಮಮ್ಮನವರು ಸೆರಗಿನಲ್ಲಿ ಮೂಗೊರೆಸಿಕೊಂಡು, "ಅಯ್ಯೋ ಮೊದಲೇ ಹೇಳ್ಬಾರ್ದಾ? ನಾಳೆಯಿಂದ ಇವನಿಗೋಸ್ಕರ ಎರಡು ಬಡಿದ್ಬಿಡಮ್ಮ, ಎಷ್ಟೊತ್ತಿಗಾದ್ರೂ ಬಡಿ" ಎಂದರು. ಇಬ್ಬರು ಮನುಷ್ಯರು ಹಸಿದಾಗ ಗಲಾಟೆಯಾಗಿದ್ದ ಸದ್ದು, ತಾವು ಹಸಿದ ಕೂಡಲೇ ಔಷಧವಾಯಿತು. ನನಗೆ ಮೈಯೆಲ್ಲ ಉರಿಯಿತು, ಬೆಂಗಳೂರಿಗೆ ಬಂದ ಮೇಲೆ ಮೊದಲ ಸಲ ಬೆಚ್ಚಗಾಯಿತು; ನಡಿ, ಈಗಲೇ ನಾನೇ ರೈಲು ಹತ್ತಿಸುತ್ತೇನೆ ಎಂದುಬಿಟ್ಟೆ. ಮಾನಮ್ಮ ಟ್ರಂಕಿನ ಚಿಲಕ ತೆಗೆದು, ಹಿಟ್ಟಿನ ಡಬ್ಬಿ ಹೊರಗಿಟ್ಟು, ನನ್ನ ಕಡೆ ನೋಡದೆಯೇ ಹೇಳಿದಳು: "ನೀವು ಹೇಳಿದ್ರ ನಾ ನಿಂದರ್ತಿದ್ದಿಲ್ಲ. ಅದು ಉಪಾಸ ಅದರಿ."

ಆದಕಾರಣ ಮಾನ್ಯರೇ, ನನ್ನ ದೂರು ಇಷ್ಟೇ. ಕಟ್ಟಿಕೊಂಡ ಗಂಡ ಒಂದು ಸಂಜೆಯಿಡೀ ಅತ್ತು ಸಾಧಿಸಲಾಗದ್ದನ್ನು ತಾವು ಮೂರು ದಿನ ಬ್ರೆಡ್ಡು ಮೂಸಿ ಬಿಟ್ಟು ಸಾಧಿಸಿದ್ದೀರಿ. ಇನ್ನು ಮೇಲೆ ಬೆಳಿಗ್ಗೆ ಎದ್ದು ಹೆಂಡತಿಯ ಮುಖ ನೋಡಿದಾಗಲೆಲ್ಲ ನನಗೆ ತಮ್ಮ ಉಪಕಾರ ನೆನಪಾಗುತ್ತದೆ, ಇದಕ್ಕಿಂತ ಕ್ರೂರವಾದ ಶಿಕ್ಷೆ ಯಾವ ಕಾಯ್ದೆಯಲ್ಲೂ ಇಲ್ಲ. ಅವಳು ಉಳಿದಳಲ್ಲ ಎಂಬ ಸಂತೋಷಕ್ಕೆ ಆ ರಾತ್ರಿ ಹೊದಿಕೆಯೊಳಗೆ ಅತ್ತದ್ದು ನಿಜ, ಅದನ್ನು ತಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಧನ್ಯವಾದ ಹೇಳಲು ಮಾತ್ರ ಒತ್ತಾಯಿಸಬಾರದಾಗಿ ಪ್ರಾರ್ಥನೆ. ಬದಲಿಗೆ, ಗಂಗಲಕ್ಷ್ಮಮ್ಮನವರ ಮೇಲೆ ತಮಗಿರುವ ಪ್ರಭಾವ ಬಳಸಿ ಇನ್ನೆರಡು ದಿನ ಉಪವಾಸ ಮಾಡಿ ನಮ್ಮ ನಲ್ಲಿಗೆ ಬಿಸಿನೀರನ್ನೂ, ಇನ್ನೊಂದು ದಿನ ಮಾಡಿ ಊರಿಗೆ ಒಂದಿಷ್ಟು ಬಿಸಿಲನ್ನೂ ಮಂಜೂರು ಮಾಡಿಸಿಕೊಡಬೇಕು.

ಇಂತಿ, ಬೇರೆ ದಾರಿಯಿಲ್ಲದೆ,
ತಮ್ಮ ವಿಶ್ವಾಸಿ,
ಭಗವಂತರಾಯ
(ಮೇಲಿನ ರೂಮು)

ವಿ.ಸೂ.: ನಮ್ಮ ಕಂಪನಿಯವರು ಬರುವ ವರ್ಷ ಊಟಿಯಲ್ಲೂ ಒಂದು ಗೋದಾಮು ತೆರೆಯುತ್ತಾರಂತೆ, ಗೇಟಿನಲ್ಲಿ ನಿಂತು ಹೊಸಬರನ್ನು ಕಂಡರೆ ಕೂಗಾಡಬಲ್ಲ, ರಜೆ ಕೇಳದ, ಸಂಬಳದ ಮಾತೆತ್ತದ ಒಬ್ಬರು ಬೇಕಾಗಿದ್ದಾರೆಂದು ಮುತ್ತಣ್ಣನವರು ಬರೆದಿದ್ದಾರೆ. ತಮ್ಮ ಹೆಸರನ್ನು ಶಿಫಾರಸು ಮಾಡಿದ್ದೇನೆ. ಅಲ್ಲಿ ಜೋಳದ ಹಿಟ್ಟು ಎಲ್ಲಿಯೂ ಸಿಗುವುದಿಲ್ಲವೆಂದು ಖಚಿತ ಮಾಡಿಕೊಂಡ ಮೇಲೆಯೇ.