ನೀರಿಲ್ಲದ ಕುಂಟೆ

ಕುಮಾರಸ್ವಾಮಿಯ ಗ್ರಹಚಾರ ಕೆಟ್ಟದ್ದು ಮೊಬೈಲಿನಲ್ಲಿ ಗಾಲ್ಫ್ ಆಟದ ನಿಯಮ ಓದಿದ್ದರಿಂದ. ಶಿರಾದ ಕಡಲೆಕಾಯಿ ಎಣ್ಣೆ ಮಿಲ್ಲಿನ ಗುಮಾಸ್ತನಾದ ಅವನಿಗೆ ಮಿಲ್ಲಿನದೇ ಮಧುಗಿರಿಯ ಅಂಗಡಿಗೆ ವರ್ಗವಾಗಬೇಕಿತ್ತು. ಹೆಂಡತಿ ಪ್ರಿಯಾಂಕ ಅಲ್ಲಿ ಟೀಚರು. ಭಾನುವಾರ ಬಸ್ಸು ಹತ್ತಿ ಹೋಗಿ ಮುಖ ನೋಡಿ ಬರುವ ಸಂಸಾರ ಅವರದು. ಈ ಭಾನುವಾರ ಅದಕ್ಕೂ ಕಲ್ಲು ಬಿದ್ದಿತ್ತು. ಮಿಲ್ಲಿನ ಎಣ್ಣೆ ಕೊಳ್ಳುವ ಬೆಂಗಳೂರಿನ ದೊಡ್ಡ ವ್ಯಾಪಾರಿ ಪ್ರಸನ್ನಕುಮಾರ್ ಹೆದ್ದಾರಿ ಪಕ್ಕದ ರೆಸಾರ್ಟಿಗೆ ಗೆಳೆಯನೊಬ್ಬನ ಜೊತೆ ಗಾಲ್ಫ್ ಆಡಲು ಬರುವವರಿದ್ದರು.

"ನಿಯಮ ಓದ್ಕೊಂಡು ಅವರ ಜೊತೆಗಿರು. ಅವರು ಖುಷಿಯಾದ್ರೆ ನಿನ್ನ ಮಧುಗಿರಿ ಗ್ಯಾರಂಟಿ" ಎಂದಿದ್ದರು ಮಾಲೀಕ ನಂದೀಶ್ವರಯ್ಯ.

ಪ್ರಸನ್ನಕುಮಾರ್ ಬೀಸಿ ಹೊಡೆದ ಚೆಂಡು ಸುತ್ತ ಕೆಂಪು ಗೂಟ ನೆಟ್ಟ, ಪುಟ್ಟ ಕೆರೆಯಂಥ ಕುಂಟೆಗೆ ಬಿತ್ತು. ಕುಂಟೆ ಹೆಸರಿಗಷ್ಟೇ, ಹನಿ ನೀರಿರಲಿಲ್ಲ. ಪಕ್ಕದ ಹಳ್ಳಿಯ ಗೌರಕ್ಕನ ಕುರಿಗಳು ಅದರೊಳಗೆ ಮೇಯುತ್ತಿದ್ದವು. ಚೆಂಡು ಒಂದು ಟಗರಿನ ಕಾಲ ಬುಡದಲ್ಲಿ ಕೋಳಿಮೊಟ್ಟೆಯಂತೆ ಕೂತಿತ್ತು.

ನೀರೇ ಇಲ್ಲದ ಮೇಲೆ ದಂಡ ಎಲ್ಲಿಯದು, ಚೆಂಡು ತಂದು ದಡದ ಮೇಲಿಡಿ ಎಂದರು ಪ್ರಸನ್ನಕುಮಾರ್. ಕುಮಾರಸ್ವಾಮಿಯ ನಾಲಿಗೆ ಸುಮ್ಮನಿರಬೇಕಲ್ಲ.

"ಸಾರ್, ಗೂಟದೊಳಗೆ ನೀರಿಲ್ದಿದ್ರೂ ಇದ್ದಂಗೇ ಲೆಕ್ಕ. ಬಿದ್ದಲ್ಲಿಂದ್ಲೇ ಹೊಡೆದ್ರೆ ದಂಡ ಇಲ್ಲ. ಎತ್ತಿ ಹೊರಗಿಟ್ರೆ ಒಂದು ಹೊಡೆತ ಜಾಸ್ತಿ ಸೇರುತ್ತೆ."

ನಂದೀಶ್ವರಯ್ಯ ಕೆಮ್ಮಿದರು. ಆ ಕೆಮ್ಮಿಗೆ ಮಧುಗಿರಿ ಮಾರುದೂರ ಸರಿದಂತಾಯಿತು. ತಾನು ಓದಿದ್ದು ಹಳೆಯ ನಿಯಮವಿರಬಹುದು ಎಂದು ಕುಮಾರಸ್ವಾಮಿ ರಾಗ ಎಳೆಯುವಷ್ಟರಲ್ಲಿ ಗೌರಕ್ಕ ಕೋಲೂರಿಕೊಂಡು ಬಂದಳು.

"ಈವಯ್ಯ ಸರ್ಯಾಗೇ ಯೋಳ್ತವ್ನೆ ಕಣಪ್ಪ. ಒಣಗಿದ ಕೆರೇಲಿ ಒಂದು ತುಂಡು ನೆಲ ಕೊಡಿ ಅಂತ ಕೇಳಿದ್ಕೆ, ನೀರಿಲ್ದಿದ್ರೂ ಕೆರೆ ಕೆರೇನೇ ಅಂತ ತಾಲೂಕಾಪೀಸಿನ ಸಾಯೇಬ್ರು ನನ್ನ ವಾಪಸ್ ಕಳಿಸ್ಬುಟ್ರು. ನಂಗೊಂದು ನ್ಯಾಯ, ಇವ್ರಿಗೊಂದು ನ್ಯಾಯವಾ?"

ಪ್ರಸನ್ನಕುಮಾರ್ ಬಿದ್ದಲ್ಲಿಂದಲೇ ಹೊಡೆಯುವ ಹಟಕ್ಕೆ ಕುಂಟೆಗಿಳಿದರು. ಟಗರು ತಲೆ ತಗ್ಗಿಸಿತು. ಅವರು ಇಳಿದದ್ದಕ್ಕಿಂತ ಬೇಗ ಮೇಲೆ ಬಂದು ದಂಡ ಒಪ್ಪಿಕೊಂಡು, ಆ ಒಂದು ಹೊಡೆತದಿಂದಲೇ ಗೆಳೆಯನೆದುರು ಆಟವನ್ನೂ ಸೋತರು. ಕುಮಾರಸ್ವಾಮಿಗೆ ಅಳುವೇ ಬಂತು.

ಆದರೆ ಪ್ರಸನ್ನಕುಮಾರ್ ನಗುತ್ತ ಅವನ ಬೆನ್ನು ತಟ್ಟಿದರು. ಇದುವರೆಗೆ ಜೊತೆಗೆ ನಿಂತವರೆಲ್ಲ ತಮ್ಮನ್ನು ಬೇಕೆಂದೇ ಗೆಲ್ಲಿಸುತ್ತಿದ್ದರಂತೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದವನು ಇವನೊಬ್ಬನೇ ಅಂತೆ. ಅವರು ನಂದೀಶ್ವರಯ್ಯನವರನ್ನು ಪಕ್ಕಕ್ಕೆ ಕರೆದುಕೊಂಡು ಹೋದಾಗ ಕುಮಾರಸ್ವಾಮಿ ಮನಸ್ಸಿನಲ್ಲೇ ಶಿರಾದ ಬಾಡಿಗೆ ಕೋಣೆ ಖಾಲಿ ಮಾಡಿ, ಹಾಸಿಗೆ ಸುತ್ತಿಟ್ಟ.

ನಂದೀಶ್ವರಯ್ಯ ಅರಳಿದ ಮುಖದಲ್ಲಿ ವಾಪಸು ಬಂದರು. "ಭಾಳ ಖುಷಿಯಾಗಿದ್ದಾರೆ ಕಣಯ್ಯ. ಇನ್ಮೇಲೆ ಪ್ರತಿ ಭಾನುವಾರ ಆಡೋಕೆ ಬರ್ತಾರಂತೆ. ಜೊತೆಗೆ ನೀನೇ ಬೇಕಂತೆ. ಮಧುಗಿರಿ ಮಾತು ಈಗ ಎತ್ಬೇಡ."

ಕುಮಾರಸ್ವಾಮಿ ಕುಂಟೆಯ ದಡದಲ್ಲೇ ಕುಸಿದು ಕೂತು ಹೆಂಡತಿಗೆ ಫೋನು ಮಾಡಿದ. ಎಲ್ಲ ಕೇಳಿ ಪ್ರಿಯಾಂಕ ನಕ್ಕಳು.

"ಹೋಗ್ಲಿ ಬಿಡ್ರೀ. ಭಾನುವಾರ ನಾನೇ ಬುತ್ತಿ ಕಟ್ಕೊಂಡು ಬರ್ತೀನಿ. ಆ ಕುಂಟೇಲಿ ಹೆಂಗೂ ನೀರಿಲ್ವಲ್ಲ, ಕೂತು ಉಣ್ಬಹುದು."

ಅವನ ಎದೆ ಹಗುರವಾಯಿತು. ಅಷ್ಟರಲ್ಲಿ ಮೂಡಲ ಕಡೆ ಕಪ್ಪು ಮೋಡ ಏಳುತ್ತಿರುವುದು ಕಾಣಿಸಿತು. ಕುಮಾರಸ್ವಾಮಿ, ಮಳೆಗೇ ಕಾದಿದ್ದ ಗೌರಕ್ಕನ ಕಿವಿಗೆ ಬೀಳದಂತೆ, ಮಳೆ ಬಾರದಿರಲಪ್ಪ ಎಂದು ದೇವರಿಗೆ ಕೈ ಮುಗಿದ.