ಹೆಂಡತಿಯ ಉಸಿರನ್ನು ಕಣ್ಣಾರೆ ಕಂಡದ್ದು

ಹೆದರಿಕೆಯಾದಾಗ ಕೆಲವರು ಸುಮ್ಮನಾಗುತ್ತಾರೆ. ನನಗೆ ಬಾಯಿ ಹೆಚ್ಚಾಗುತ್ತದೆ. ಹಲ್ಲಿನ ಡಾಕ್ಟರು ಬಾಯಿಗೆ ಹತ್ತಿ ತುರುಕಿದರೂ ನಿಲ್ಲದ ಮಾತು ನನ್ನದು. ಹೆಂಡತಿ ಗಿರಿಜೆಯ ಶ್ವಾಸಕೋಶ ಕಲೆಗಟ್ಟಿ ಬಿಗಿಯುತ್ತಿದೆ ಎಂದು ಗೊತ್ತಾದ ಮೇಲಂತೂ ಕೇಳುವುದೇ ಬೇಡ. ಬಸವೇಶ್ವರನಗರದ ನಮ್ಮ ಮನೆಯ ಮೆಟ್ಟಿಲ ನಡುವೆ ಅವಳು ಏದುಸಿರು ಬಿಡುತ್ತ ನಿಂತರೆ, ಹಿಂದೆ ನಿಂತ ನಾನು ದೇಶದ ರಾಜಕೀಯವನ್ನು ವಿಶ್ಲೇಷಿಸುತ್ತಿದ್ದೆ.

ಮೆಟ್ರೊಗಾಗಿ ಮಾಗಡಿ ರಸ್ತೆಯನ್ನು ಅಗೆದು ಹಾಕಿದ್ದ ದಿನಗಳವು. ಅವಳ ವೈದ್ಯೆ ಅಲ್ಟ್ರಾಸೌಂಡಿನ ಹೊಸ ಪ್ರಯೋಗವೊಂದಕ್ಕೆ ಇವಳನ್ನೂ ಸೇರಿಸಿಕೊಂಡಿದ್ದರು. ಮೊದಲ ಸಲ ನನ್ನ ಮಾತಿನ ಕಾಟಕ್ಕೆ ಹೊರಗೇ ಕೂರಿಸಿದರು. ಎರಡನೆಯ ಸಲ, ತುಟಿ ಬಿಚ್ಚಬಾರದೆಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು.

ಗಿರಿಜೆಯ ಬೆನ್ನಿಗೆ ಲೋಳೆ ಹಚ್ಚಿ ಯಂತ್ರದ ಮೂತಿ ಒತ್ತಿದರು. ಪರದೆಯ ಕತ್ತಲಲ್ಲಿ ಬೆಳ್ಳಗೆ ಒಂದು ಗೆರೆ. ಅದು ಅತ್ತ ಜಾರುತ್ತಿತ್ತು, ಇತ್ತ ಜಾರುತ್ತಿತ್ತು.

"ಇದೇ ನೋಡಿ ಇವರ ಶ್ವಾಸಕೋಶದ ಅಂಚು. ಉಸಿರಾಡಿದ ಹಾಗೆಲ್ಲ ಸರಿಯುತ್ತೆ," ಎಂದರು ವೈದ್ಯೆ.

ಇಷ್ಟು ವರ್ಷ ಪಕ್ಕದಲ್ಲೇ ಮಲಗಿ ಕೇಳಿಸಿಕೊಂಡ ಉಸಿರು! ಅದಕ್ಕೊಂದು ರೂಪವಿದೆಯೆಂದು ನನಗೆ ಹೊಳೆದೇ ಇರಲಿಲ್ಲ. ಮಾತು ತಾನಾಗಿಯೇ ನಿಂತಿತು. ಷರತ್ತು ನೆನಪಾದದ್ದು ಆಮೇಲೆ.

ಪೆನ್ನಿನಂಥದ್ದೊಂದನ್ನು ಪಕ್ಕದಲ್ಲಿಟ್ಟು ಮೆಲ್ಲಗೆ ನಡುಗಿಸಿದರು. "ಈ ನಡುಕ ಶ್ವಾಸಕೋಶದ ಮೇಲೆ ಅಲೆಯಾಗಿ ಓಡುತ್ತೆ. ಗಟ್ಟಿಯಾದಷ್ಟೂ ಜೋರಾಗಿ ಓಡುತ್ತೆ. ಅಮ್ಮಾ, ಉಸಿರು ಹಿಡ್ಕೊಳ್ಳಿ."

ಗಿರಿಜೆ ಹಿಡಿದಳು. ಜಾರುತ್ತಿದ್ದ ಗೆರೆ ನಿಂತಿತು. ನಾನೂ ಹಿಡಿದೆ. "ಬಿಡಿ" ಎಂದಾಗ ಅವಳು ಬಿಟ್ಟಳು. ನಾನು ಪರದೆಯನ್ನೇ ನೋಡುತ್ತ ಮರೆತೆ. ಮತ್ತೆ "ಹಿಡ್ಕೊಳ್ಳಿ", ಮತ್ತೆ "ಬಿಡಿ". ಇಡೀ ಕೋಣೆ ನಿಧಾನವಾಗಿ ಎಡಕ್ಕೆ ವಾಲಿತು.

ಕಣ್ಣು ಬಿಟ್ಟಾಗ ಹಾಸಿಗೆಯ ಮೇಲೆ ನಾನಿದ್ದೆ. ಗಿರಿಜೆ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ರೀ, ಉಸಿರು ಹಿಡಿ ಅಂದಿದ್ದು ನನಗೆ ಕಣ್ರೀ!"

"ಅಲೆ ಏನಂತು?" ಎಂದೆ.

ವೈದ್ಯೆ ನಕ್ಕರು. "ಅಲೆಯ ವೇಗ ಹೋದ ಸಲದಷ್ಟೇ ಇದೆ, ಸಾರ್. ಶ್ವಾಸಕೋಶ ಇನ್ನಷ್ಟು ಗಟ್ಟಿಯಾಗಿಲ್ಲ. ಔಷಧಿ ಮುಂದುವರಿಸೋಣ."

ವಾಸಿಯಾಗಿದೆ ಎಂದೇನೂ ಅವರು ಹೇಳಲಿಲ್ಲ. ಆದರೂ ಗಿರಿಜೆ ನನ್ನ ಕೈಯನ್ನು ಒಮ್ಮೆ ಬಿಗಿಯಾಗಿ ಹಿಡಿದಳು.

ಆಸ್ಪತ್ರೆಯ ಗೇಟಿನ ಹೊರಗೆ ಅವಳ ತೋಳಿಗೆ ಜೋತು ಬಂದ ನನ್ನನ್ನು ನೋಡಿ ಆಟೋದವನು ಕೆಳಗಿಳಿದ.

"ಆಂಟಿ, ಅಂಕಲ್‌ನ ಹುಷಾರಾಗಿ ಹತ್ಸಿ. ಪಾಪ, ತುಂಬಾ ದಿನದಿಂದ ಹುಷಾರಿಲ್ವಾ?"

"ಮದುವೆ ಆದಾಗಿಂದ್ಲೂ ಹೀಗೇ ಕಣಪ್ಪ," ಎಂದಳು ಗಿರಿಜೆ. ಅವನು ಮನೆಯವರೆಗೂ ನನಗಾಗಿ ಒಂದೊಂದು ಗುಂಡಿಯನ್ನೂ ತಪ್ಪಿಸಿ ಓಡಿಸಿದ. ರೋಗಿ ನಾನಲ್ಲವೆಂದು ಹೇಳಬಹುದಿತ್ತು. ಮುಖವನ್ನು ಇನ್ನಷ್ಟು ಬಾಡಿಸಿಕೊಂಡು ಕೂತೆ.